ಬರೀ ತಕ್ಕು

ಕಡಾಕ ಎಂಬ ಹೊಲಮನೆಯ ಒಡತಿ ಯೂಲಾಳ ಹೆಸರು ಕಿವಿಗೆ ಬಿದ್ದರೆ ಈಗಲೂ ನನ್ನ ಮೈ ಉರಿಯುತ್ತದೆ. ಅವಳು ಸತ್ತು ಎರಡು ವರ್ಷವಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದೆಂದು ಪಾದ್ರಿಗಳು ಹೇಳುತ್ತಾರೆ. ಹೇಳಲಿ, ಅವರಿಗೇನು, ಅವರ ಮನೆಯ ನಾರನ್ನು ಅವಳು ಮುಟ್ಟಿರಲಿಲ್ಲ. ನಾನು ಮಾತ್ರ ಆಡುತ್ತೇನೆ, ಕೇಳುವವರು ಸಿಕ್ಕಿದಾಗಲೆಲ್ಲ ಆಡುತ್ತೇನೆ.

ನನ್ನ ಹೆಸರು ವೀಯು. ಗಂಡ ಸೀಲ್ ಬೇಟೆಗೆಂದು ಹಿಮಗಡ್ಡೆಯ ಮೇಲೆ ಹೋದವನು ಹಿಂದಿರುಗಲಿಲ್ಲ. ಆಮೇಲೆ ಹದಿನಾಲ್ಕು ವರ್ಷ ಕಡಾಕದವರ ಹೊಲದ ಅಂಚಿನ ಗುಡಿಸಲಿನಲ್ಲಿ ಬದುಕಿದೆ. ಗುಡಿಸಲು ಅವರದು, ದುಡಿಮೆ ನನ್ನದು. ಬೇಸಿಗೆಯಲ್ಲಿ ಹುಲ್ಲು ಒಟ್ಟುವುದು, ಶರತ್ಕಾಲದಲ್ಲಿ ಆಲೂಗಡ್ಡೆ ಅಗೆಯುವುದು, ಅದೆಲ್ಲ ಯಾರು ಬೇಕಾದರೂ ಮಾಡುವ ಕೆಲಸ. ಆದರೆ ಅಗಸೆ ನಾರು ಬಾಚಬೇಕೆಂದರೆ ಸುತ್ತಲ ನಾಲ್ಕು ಹಳ್ಳಿಯವರೂ ನನ್ನನ್ನೇ ಕರೆಯುತ್ತಿದ್ದರು. ಹಲಗೆಯ ಮೇಲೆ ಕಬ್ಬಿಣದ ಮೊಳೆ ಬಡಿದ ಹಣಿಗೆ ಅದು. ಜಜ್ಜಿ ಬಡಿದ ನಾರನ್ನು ಹಿಡಿಹಿಡಿಯಾಗಿ ಅದರ ಮೇಲೆ ಎಳೆಯಬೇಕು. ಉದ್ದನೆಯ ನಯವಾದ ಎಳೆ ಕೈಯಲ್ಲಿ ಉಳಿಯುತ್ತದೆ, ಅದನ್ನು ತಿರುಚಿ ಜಡೆ ಕಟ್ಟಿ ಇಡುತ್ತೇವೆ. ಮೊಳೆಗೆ ಸಿಕ್ಕಿಕೊಂಡು ಉಳಿಯುವ ತುಂಡು, ಗಂಟು, ಒರಟು ಸಿಬಿರು, ಇದೆಲ್ಲ ತಕ್ಕು.

ತಕ್ಕು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಚೀಲಕ್ಕೆ ಅದೇ, ಹಗ್ಗಕ್ಕೆ ಅದೇ. ನಮ್ಮ ಹೆಂಗಸರ ಅಂಗಿಗೆ ಸೊಂಟದಿಂದ ಮೇಲೆ ನಯವಾದ ನಾರಿನ ಬಟ್ಟೆ, ಲಂಗದೊಳಗೆ ಅಡಗುವ ಕೆಳಭಾಗಕ್ಕೆ ತಕ್ಕಿನ ಬಟ್ಟೆ. ಕಾಣದ ಜಾಗದಲ್ಲಿ ತುರಿಸಿದರೆ ಯಾರಿಗೆ ಗೊತ್ತಾಗಬೇಕು. ಆದರೆ ಮದುವೆಯ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗವಿಲ್ಲ. ಮದುಮಗಳು ಅತ್ತೆಗೆ, ನಾದಿನಿಗೆ, ಗಂಡನ ಅಣ್ಣತಮ್ಮಂದಿರಿಗೆ ತನ್ನ ಕೈಯಿಂದ ನೂತು ನೇಯ್ದ ಅಂಗಿ ಕೊಡಬೇಕು. ತಕ್ಕಿನ ಅಂಗಿ ಕೊಟ್ಟವಳನ್ನು ಬಡವಿ ಎಂದು ಯಾರೂ ಅನ್ನುವುದಿಲ್ಲ, ಕೈಕೆಟ್ಟವಳು ಅನ್ನುತ್ತಾರೆ. ಒಳ್ಳೆಯ ಕೈಯಲ್ಲಿ ಅಗಸೆ ಎಳೆಯಾಗಿ ಬರುತ್ತದೆ, ಸೋಮಾರಿಯ ಕೈಯಲ್ಲಿ ಕೊಳೆತು ತಕ್ಕಾಗುತ್ತದೆ ಎಂಬುದು ನಮ್ಮ ಲೆಕ್ಕ. ಆ ಹೆಸರು ಒಮ್ಮೆ ಅಂಟಿದರೆ ಸಾಯುವ ತನಕ ಹೋಗುವುದಿಲ್ಲ.

ತ್ರೀನು ಕಡಾಕಕ್ಕೆ ಬಂದಾಗ ಹನ್ನೆರಡು ವರ್ಷದ ಅನಾಥೆ. ಏಳು ವರ್ಷ ದುಡಿದಳು. ಹಸುವಿನ ಕೊಟ್ಟಿಗೆ ಅವಳದೇ, ಬಟ್ಟೆ ಒಗೆಯುವುದು ಅವಳದೇ, ಯೂಲಾಳ ಬೈಗುಳ ತಿನ್ನುವುದೂ ಅವಳದೇ. ನಮ್ಮ ಕಡೆ ಮನೆಗೆಲಸದ ಹುಡುಗಿಗೆ ಒಡೆಯರು ಹೊಲದಲ್ಲಿ ಒಂದು ಪಟ್ಟಿ ಅಗಸೆ ಬಿತ್ತಿಕೊಡುತ್ತಾರೆ. ಆ ಪಟ್ಟಿಯ ಬೆಳೆ ಅವಳದು, ಅವಳ ಮದುವೆಗೆ. ಯೂಲಾ ಆರು ವರ್ಷ ಏನೇನೋ ನೆವ ಹೇಳಿ ಬಿತ್ತಿಕೊಡಲಿಲ್ಲ. ಏಳನೆಯ ವರ್ಷ ಗಂಡು ಗೊತ್ತಾಯಿತು, ಊರೆಲ್ಲ ಸುದ್ದಿಯಾಯಿತು, ಆಗ ಬೇರೆ ದಾರಿಯಿಲ್ಲದೆ ಕೊಟ್ಟಳು. ಕೊಟ್ಟದ್ದು ಕಣಜದ ಹಿಂದಿನ ಕಲ್ಲುನೆಲ.

ಗಂಡು ಏವರ್ಟಿ. ಕೊಲ್ಲಿಯ ಈಚೆ ನಾವು ಎಸ್ಟೋನಿಯದವರು, ಆಚೆ ಫಿನ್ನರು. ಪ್ರತಿ ಶರತ್ಕಾಲದಲ್ಲಿ ಅವರು ಉಪ್ಪುಮೀನು ತುಂಬಿಕೊಂಡು ದೋಣಿಯಲ್ಲಿ ಬರುತ್ತಾರೆ, ನಾವು ರೈ ಧಾನ್ಯ, ಆಲೂಗಡ್ಡೆ ಕೊಟ್ಟು ಕಳಿಸುತ್ತೇವೆ. ಅಜ್ಜಂದಿರ ಕಾಲದಿಂದ ಒಂದೊಂದು ಮನೆಗೆ ಆಚೆ ಒಂದೊಂದು ಗೆಳೆಯರ ಮನೆ. ಕಡಾಕದವರಿಗೆ ಏವರ್ಟಿಯ ಮನೆ. ಹುಡುಗ ಮೂರು ವರ್ಷ ಮೀನಿನ ಪೀಪಾಯಿ ಇಳಿಸುವ ನೆವದಲ್ಲಿ ತ್ರೀನುವನ್ನು ನೋಡುತ್ತಿದ್ದ, ನಾಲ್ಕನೆಯ ವರ್ಷ ಬಾಯಿಬಿಟ್ಟ. ಅದರ ಮರುವರ್ಷದ ದೋಣಿಯಲ್ಲಿ ಅವನ ತಾಯಿ ಸೆರಫೀನಾ ಬಂದು ಹುಡುಗಿಯ ಕೈಗೆಲಸ ನೋಡಿ ಹೂಂ ಅನ್ನಬೇಕು, ವಸಂತದಲ್ಲಿ ಹಿಮ ಕರಗಿದ ಮೇಲೆ ಮದುವೆ. ಕಡಾಕದ ಕೊಟ್ಟಿಗೆಯಿಂದ ಹೊರಬೀಳಲು ತ್ರೀನುವಿಗೆ ಇದ್ದದ್ದು ಇದೊಂದೇ ಬಾಗಿಲು.

ಆ ಹುಡುಗಿ ಆ ಕಲ್ಲುನೆಲದಲ್ಲಿ ಸೊಂಟದೆತ್ತರ ಅಗಸೆ ಬೆಳೆದಳು. ಕೊಟ್ಟಿಗೆಯ ಕೆಲಸ ಮುಗಿಸಿ ಬಂದು ಕಳೆ ಕೀಳುತ್ತಿದ್ದಳು, ಕಲ್ಲು ಆಯುತ್ತಿದ್ದಳು. ಕಿತ್ತು, ಬೀಜ ಉದುರಿಸಿ, ಇಬ್ಬನಿಗೆ ಕಾಂಡ ಮೆತ್ತಗಾಗಿ ನಾರು ಬಿಡಲೆಂದು ಹುಲ್ಲಿನ ಮೇಲೆ ಹರಡಿದಳು. ಯೂಲಾಳ ಅಗಸೆಯೂ ಪಕ್ಕದಲ್ಲೇ ಹರಡಿತ್ತು. ಮೂರನೆಯ ವಾರ ತ್ರೀನು ಒಂದು ಕಡ್ಡಿ ಮುರಿದು ನೋಡಿ, ಮೂಗಿನ ಹತ್ತಿರ ಹಿಡಿದು, ಮೋಡ ನೋಡಿದಳು.

"ಒಡತಮ್ಮ, ಇವತ್ತೇ ಎತ್ತಿಬಿಡೋಣ. ಮಳೆ ಹಿಡ್ಕೊಳ್ಳೋ ಹಂಗಿದೆ."

"ನೀನು ನನಗೆ ಹೇಳ್ಕೊಡ್ತೀಯೇನೆ? ನಾನು ಅಗಸೆ ಎತ್ತೋಕೆ ಶುರು ಮಾಡಿದಾಗ ನೀನು ಹುಟ್ಟೇ ಇರ್ಲಿಲ್ಲ. ಇನ್ನು ನಾಲ್ಕು ದಿನ ಇರ್ಲಿ."

ತ್ರೀನು ತನ್ನದನ್ನು ಎತ್ತಿಕೊಂಡಳು. ಮರುದಿನ ಹಿಡಿದ ಮಳೆ ಹತ್ತು ದಿನ ಬಿಡಲಿಲ್ಲ. ಕಡಾಕದವರ ಅಗಸೆಯೆಲ್ಲ ಹುಲ್ಲಿನ ಮೇಲೆ ಕಪ್ಪಾಗಿ ಕೊಳೆಯಿತು, ಮುಟ್ಟಿದರೆ ಪುಡಿ. ಹಳ್ಳಿಯ ಹೆಂಗಸರು ಬಂದು ನೋಡಿ, ಅಯ್ಯೋ ಪಾಪ ಅಂದು, ದಾರಿಯಲ್ಲಿ ನಕ್ಕೊಂಡು ಹೋದರು. ಯೂಲಾಗೆ ಅದನ್ನು ತಡೆಯಲಾಗಲಿಲ್ಲ.

ಬಾಚುವ ದಿನ ಬಂತು. ಯೂಲಾ ಮೂರು ದಿನ ಮುಂಚೆಯೇ ತ್ರೀನುವನ್ನು ಪಾದ್ರಿಗಳ ಮನೆಯ ಆಲೂಗಡ್ಡೆ ಅಗೆಯಲು ಕಳಿಸಿಬಿಟ್ಟಿದ್ದಳು. ಹುಡುಗಿ ಹೋಗುವಾಗ ನನ್ನ ಗುಡಿಸಲಿಗೆ ಬಂದು, "ಚಿಕ್ಕಿ, ನಂದನ್ನ ಚೆನ್ನಾಗಿ ಬಾಚಿಡು, ನಿನ್ನ ಕೈಗೆ ಬಿಟ್ಟು ಹೋಗ್ತಿದೀನಿ" ಅಂದಳು. ನಾನು ಅವಳಿಗೆ ಯಾವ ಸಂಬಂಧವೂ ಅಲ್ಲ, ಅವಳೇ ಚಿಕ್ಕಿ ಎಂದು ಕರೆದುಕೊಂಡದ್ದು.

ಕಣಜದಲ್ಲಿ ಕೂತು ಮೊದಲು ಕಡಾಕದವರದನ್ನು ಎಳೆದೆ. ಪೂರ್ತಿ ತಕ್ಕು. ಹಿಡಿದ ಹಿಡಿಯೇ ಹಣಿಗೆಯಲ್ಲಿ ಉಳಿಯುತ್ತಿತ್ತು, ಕೈಗೆ ಏನೂ ಬರುತ್ತಿರಲಿಲ್ಲ. ಆಮೇಲೆ ತ್ರೀನುವಿನದು. ದೇವರಾಣೆ ಹೇಳುತ್ತೇನೆ, ಮೂವತ್ತು ವರ್ಷದಲ್ಲಿ ಅಂಥ ನಾರು ನನ್ನ ಹಣಿಗೆಗೆ ಬಂದಿರಲಿಲ್ಲ. ಬೂದುಬಣ್ಣದ ಎಳೆ, ತೋಳುದ್ದ, ಹಿಡಿದರೆ ತಣ್ಣಗೆ ಜಾರುತ್ತಿತ್ತು. ಒಂದೊಂದು ಜಡೆ ತಿರುಚುವಾಗಲೂ ಆ ಹುಡುಗಿಯ ಮುಖ ನೆನೆದು ನನಗೇ ಹೆಮ್ಮೆ. ಮಧ್ಯಾಹ್ನಕ್ಕೆ ಯೂಲಾ ಬಂದಳು. ಜಡೆಗಳನ್ನು ಎತ್ತಿ ನೋಡಿದಳು, ಮೂಸಿದಳು, ಏಪ್ರನ್ನಿಗೆ ಹಾಕಿಕೊಂಡಳು.

"ಅದು ತ್ರೀನೂದು" ಅಂದೆ.

"ಗೊತ್ತು."

"ಗೊತ್ತಿದ್ರೆ ಕೆಳಗಿಡಿ."

ಅವಳು ಕೆಳಗಿಡಲಿಲ್ಲ. ಕೂತಳು, ನನ್ನ ಪಕ್ಕದಲ್ಲೇ, ಅಕ್ಕತಂಗಿಯರ ಹಾಗೆ. "ನೋಡು ವೀಯು, ಈ ಹುಡುಗಿ ಹೋದ್ರೆ ಈ ಮನೆ ಹೆಂಗೆ ನಡಿಯುತ್ತೆ ಹೇಳು. ಏಳು ವರ್ಷ ಸಾಕಿದೀನಿ. ಕಲ್ಲುಬಂಡೆ ಮೇಲೆ ಮೀನು ತಿಂದ್ಕೊಂಡಿರೋ ಆ ಫಿನ್ನರ ಮನೇಲಿ ಅವಳೇನು ಸುಖ ಪಡ್ತಾಳೆ? ಒಂದು ವರ್ಷ ಮುಂದಕ್ಕೆ ಹೋಗ್ಲಿ. ಅವಳ ಒಳ್ಳೇದಕ್ಕೇ ಹೇಳ್ತಿದೀನಿ. ನಮ್ಮ ಕೊಳೆತಿದ್ದನ್ನ ಅವಳ ಮೂಲೆಗೆ ಹಾಕು."

"ನಾನು ಸುಳ್ಳು ಹೇಳಲ್ಲ."

"ಹೇಳು ಅಂದವರ್ಯಾರು? ಬಾಯಿ ಮುಚ್ಕೊಂಡಿರು ಸಾಕು." ಎದ್ದು, ಬಾಗಿಲ ಹತ್ತಿರ ಹೋಗಿ ತಿರುಗಿದಳು. "ನಿನ್ನ ಗುಡಿಸ್ಲು ಚಾವಣಿ ಸೋರ್ತಿದೆ ಅಂದಿದ್ಯಲ್ಲ. ಈ ಚಳಿಗಾಲ ಇಲ್ಲೇ ಇರ್ತೀಯ ತಾನೆ? ಇದ್ರೆ ಹುಲ್ಲು ಹೊದಿಸ್ಕೊಡೋಕೆ ಹೇಳ್ತೀನಿ."

ಇರುತ್ತೇನೆ ಅಂದೆ. ಬೇರೆ ಎಲ್ಲಿಗೆ ಹೋಗಲಿ? ಅಕ್ಟೋಬರ್ ತಿಂಗಳು, ಗಂಡನಿಲ್ಲ, ಮಕ್ಕಳಿಲ್ಲ. ಹೀಗೆಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಅವಳು ಹೋದ ಮೇಲೆ ಉಳಿದ ನಾರನ್ನೂ ಬಾಚಿದೆ, ಜಡೆ ಕಟ್ಟಿದೆ, ಯೂಲಾಳ ಕೋಣೆಯ ಪೆಟ್ಟಿಗೆಗೆ ನಾನೇ ಒಯ್ದು ಕೊಟ್ಟೆ. ಒಂದೂ ಬಿಡಲಿಲ್ಲ.

ತ್ರೀನು ಬಂದು ತನ್ನ ಮೂಲೆಯಲ್ಲಿದ್ದ ರಾಶಿ ನೋಡಿದಳು. ಮೊಣಕಾಲೂರಿ ಕೂತು ಕೈಹಾಕಿ ಕೆದಕಿದಳು. ಒಳಗಾದರೂ ಎಳೆ ಇದ್ದೀತೆಂದು ಬುಡದವರೆಗೆ ಕೆದಕಿದಳು.

"ಎಲ್ಲಾನೂ ತಕ್ಕಾ ಚಿಕ್ಕಿ?"

ನಾನು ಹಣಿಗೆಯ ಮೊಳೆ ಒರೆಸುತ್ತಿದ್ದೆ. "ನೋಡ್ತಿದೀಯಲ್ಲ" ಅಂದೆ. ಸುಳ್ಳು ಹೇಳಲಿಲ್ಲವಂತೆ ನಾನು. ಆ ಮಾತು ನೆನೆದರೆ ನನ್ನ ನಾಲಿಗೆಯನ್ನೇ ಅದೇ ಹಣಿಗೆಗೆ ಹಾಕಿ ಎಳೆಯಬೇಕೆನಿಸುತ್ತದೆ.

"ನಾನು ಎತ್ತಿದ್ದು ಸರಿಯಾಗೇ ಇತ್ತಲ್ಲ" ಅಂದಳು, ತನಗೇ. ಆಮೇಲೆ, "ಇಲ್ಲ, ಒಂದೆರಡು ದಿನ ಜಾಸ್ತಿ ಬಿಟ್ಟೆನೋ ಏನೋ. ಅಥ್ವಾ ಜಜ್ಜುವಾಗ ಹೆಚ್ಚು ಏಟು ಬಿತ್ತಾ? ನನ್ನ ಕೈದೇ ತಪ್ಪು. ಅಲ್ವಾ ಚಿಕ್ಕಿ?"

ಅವಳು ಅಳುತ್ತಿದ್ದಳು, ನಾನು ಮೊಳೆ ಒರೆಸುತ್ತಿದ್ದೆ.

ಮುಂದಿನ ಮೂರು ವಾರ ಸಂಜೆ ಹೊತ್ತು ಅವಳು ನನ್ನ ಗುಡಿಸಲಿಗೆ ಬಂದು ಆ ತಕ್ಕನ್ನು ನೂತಳು. ಅತ್ತೆ ಬರುವ ಹೊತ್ತಿಗೆ ತೋರಿಸಲು ಏನಾದರೂ ಬೇಕಲ್ಲ. ನೂಲುವಾಗ ಎಳೆಯನ್ನು ತುಟಿಯಲ್ಲಿ ಒದ್ದೆ ಮಾಡಬೇಕು. ಕೊಳೆತ ತಕ್ಕಿನ ಸಿಬಿರು ತುಟಿಗೆ ಚುಚ್ಚಿ ರಕ್ತ ಬರುತ್ತಿತ್ತು. ನಾನು ಅವಳಿಗೆ ಸಿಬಿರು ಉಗಿಯುವುದು ಹೇಗೆಂದು ಹೇಳಿಕೊಟ್ಟೆ, ತುಟಿಗೆ ಕುರಿಕೊಬ್ಬು ಹಚ್ಚಿದೆ, ಬಾರ್ಲಿ ಗಂಜಿ ಕೊಟ್ಟೆ. ಗಂಜಿ ಕೊಟ್ಟಾಗಲೆಲ್ಲ ನನ್ನ ಪಾಪ ಸ್ವಲ್ಪ ತೀರಿತು ಅಂದುಕೊಳ್ಳುತ್ತಿದ್ದೆ. ಚಾವಣಿಗೆ ಹೊಸ ಹುಲ್ಲೂ ಬಿತ್ತು.

ದೋಣಿ ಬಂತು. ಸೆರಫೀನಾ ಅಂದರೆ ಎತ್ತರದ ಹೆಂಗಸು, ಬಲೆ ಎಳೆದೂ ಎಳೆದೂ ಕೈ ಮರದ ತುಂಡಾಗಿತ್ತು. ಮಾತು ಕಡಿಮೆ, ಕಾಫಿ ಜಾಸ್ತಿ. ಕಾಫಿಬೀಜವನ್ನೂ ತಾನೇ ತಂದಿದ್ದಳು, ನಮ್ಮ ಕಡೆಯವರು ಚಿಕೋರಿ ಬೆರೆಸುತ್ತಾರೆಂದು ಅವಳಿಗೆ ಅನುಮಾನ. ಯೂಲಾ ಮೇಜಿನ ಮೇಲೆ ರೊಟ್ಟಿ, ಬೆಣ್ಣೆ, ಹಂದಿಮಾಂಸ ಜೋಡಿಸಿ ಬಾಯಿತುಂಬ ನಗುತ್ತ ಕೂತಳು. ಏವರ್ಟಿ ಬಾಗಿಲ ಬಳಿ ಟೋಪಿ ತಿರುವುತ್ತ ನಿಂತಿದ್ದ. ನಾನು ಒಲೆಯ ಹತ್ತಿರ ಪಾತ್ರೆ ನೋಡಿಕೊಳ್ಳುತ್ತಿದ್ದೆ. ತ್ರೀನು ಕೊಟ್ಟಿಗೆಯಲ್ಲಿದ್ದಳು, ಹಾಲು ಕರೆದು ಬರಬೇಕೆಂದು ಯೂಲಾ ಬೇಕೆಂದೇ ಅಟ್ಟಿದ್ದಳು.

ಆಚೆ ದಡದವರ ಮಾತು ನಮ್ಮದೇ ಮಾತು, ಸ್ವಲ್ಪ ಸೊಟ್ಟ ಅಷ್ಟೆ. ಒಂದಕ್ಕೊಂದು ಅರ್ಥವಾಗುತ್ತದೆ. ಅರ್ಥವಾಗುತ್ತದೆಂದು ಅಂದುಕೊಂಡಾಗಲೇ ಕೈಕೊಡುವುದು.

"ಹುಡುಗಿ ಹೆಂಗದಾಳ್ರಿ?" ಎಂದು ಸೆರಫೀನಾ ಕೇಳಿದಳು.

"ಹುಡುಗಿ ಏನೋ ಪರವಾಗಿಲ್ಲ ಕಣಮ್ಮ" ಎಂದು ಯೂಲಾ ನಿಟ್ಟುಸಿರು ಬಿಟ್ಟಳು. "ಆದ್ರೆ ಏನು ಮುಚ್ಚಿಡೋದು, ಅವಳದ್ದು ಬರೀ ತಕ್ಕು."

"ಏನಂದ್ರಿ? ತಕ್ಕು?"

"ಬರೀ ತಕ್ಕು. ಬುಡದಿಂದ ತುದಿವರೆಗೂ."

"ಎಲ್ಲಾ?"

"ಎಲ್ಲಾನೂ. ಈ ವೀಯು ಕೈಲಿ ಕಬ್ಬಿಣದ ಹಣಿಗೇಲಿ ಬಾಚಿಸ್ದೆ. ಮೊಳೆ ಒಳಗೇ ಇಳೀಲಿಲ್ಲ."

ಸೆರಫೀನಾ ನನ್ನ ಕಡೆ ತಿರುಗಿ ನೋಡಿದಳು, ನಾನು ಕೊಲೆಗಾತಿಯೋ ಎಂಬಂತೆ. "ಕಬ್ಬಿಣದ ಹಣಿಗಿ ಹಾಕಿದ್ರ್ಯಾ? ಹುಡುಗಿ ಅಳಲಿಲ್ಲೇನು?"

"ಅತ್ತಳು. ಅತ್ರೆ ಏನು ಬಂತು. ಹೊತ್ತಿಗೆ ಸರಿಯಾಗಿ ನೋಡ್ಕೊಂಡಿದ್ರೆ ಹಿಂಗೆ ಕೊಳೀತಿತ್ತಾ?"

"ಕೊಳತೈತಿ?"

"ವಾಸನೇನೂ ಬರ್ತಿತ್ತು."

"ಅಯ್ಯ ದೇವರ… ಈಗ ಏನ್ ಮಾಡ್ತೀರಿ ಅದನ್ನ?"

"ಇನ್ನೇನು, ಕತ್ತರಿಸಿ ದೋಣಿ ಹಲಗೆ ಸಂದೀಗೆ ತುರುಕೋದು. ಮೇಲೆ ಡಾಂಬರು ಬಳಿದ್ರೆ ಆಯ್ತು. ಬೇಕಾದ್ರೆ ನಿಮ್ಮ ದೋಣಿಗೂ ಒಂದಿಷ್ಟು ಕೊಡ್ತೀನಿ."

ಸೆರಫೀನಾ ಕಾಫಿ ಬಟ್ಟಲು ಕೆಳಗಿಟ್ಟಳು. ಮಗನ ಕಡೆ ನೋಡಿದಳು. ಅವನ ಮುಖ ಬೆಳ್ಳಗಾಗಿತ್ತು. ಅಷ್ಟರಲ್ಲಿ ತ್ರೀನು ಹಾಲಿನ ಬಕೆಟ್ಟು ಹಿಡಿದು ಒಳಗೆ ಬಂದು, ಅತ್ತೆಯಾಗುವವಳನ್ನು ನೋಡಿ ಮಂಡಿ ಬಗ್ಗಿಸಿ ನಮಸ್ಕರಿಸಿದಳು. ಸೆರಫೀನಾ ಎದ್ದು ನೆಟ್ಟಗೆ ಅವಳ ಹತ್ತಿರ ಹೋದಳು. ಒಂದು ಕೈಯಲ್ಲಿ ಗದ್ದ ಹಿಡಿದು, ಇನ್ನೊಂದು ಕೈಯಲ್ಲಿ ತಲೆಯ ವಸ್ತ್ರವನ್ನು ಕಿತ್ತೆಳೆದಳು.

ಹುಡುಗಿಯ ಜಡೆ ಬೆನ್ನ ಮೇಲೆ ಬಿತ್ತು. ಸೆರಫೀನಾ ಅದನ್ನು ಬಿಚ್ಚಿದಳು, ಬುಡಕ್ಕೆ ಬೆರಳು ಹಾಕಿದಳು, ಕಿವಿಯ ಹಿಂದೆ ನೋಡಿದಳು, ಬಗ್ಗಿ ಮೂಸಿಯೂ ನೋಡಿದಳು. ಅವಳ ಮರದ ಬೆರಳು ಬುಡದಿಂದ ತುದಿಯವರೆಗೆ ಒಂದು ಕಡೆಯೂ ಸಿಕ್ಕದೆ ಇಳಿದು ಬಂತು.

"ಎಲ್ಲೈತ್ರಿ ತಕ್ಕು? ಕೂದಲ ಛಲೋ ಅದಾವಲ್ಲ" ಅಂದಳು.

ಆಚೆ ದಡದಲ್ಲಿ ತಕ್ಕು ಅಂದರೆ ತಲೆಗೂದಲಿನ ಸಿಕ್ಕು. ನಮ್ಮ ಶಾಲೆಯ ಮೇಷ್ಟ್ರು ಆಮೇಲೆ ಹೇಳಿದರು, ಎರಡೂ ದಡದವರಿಗೆ ಒಂದೇ ಮೂಲವಂತೆ, ಎರಡೂ ಮಾತು ಯಾವುದೋ ಒಂದೇ ಹಳೆಯ ಮಾತಿನಿಂದ ಬಂದದ್ದಂತೆ, ಆ ಹಳೆಯದು ಹೇಗಿತ್ತೆಂದು ಪಂಡಿತರು ಊಹಿಸಿ ಬರೆಯುತ್ತಾರಂತೆ, ಕೇಳಿದವರು ಯಾರೂ ಉಳಿದಿಲ್ಲವಂತೆ. ಯಾವ ಅಜ್ಜಿ ಯಾವುದನ್ನು ತೋರಿಸಿ ತಕ್ಕು ಅಂದಳೋ, ನಾರನ್ನೋ ಕೂದಲನ್ನೋ, ನನಗಂತೂ ಗೊತ್ತಿಲ್ಲ. ಆ ಹೊತ್ತಿನಲ್ಲಿ ನನಗೆ ನಗು ತಡೆಯಲಾಗಲಿಲ್ಲ. ಏವರ್ಟಿಗೆ ಅರ್ಥವಾಗಿ ಅವನೂ ನಕ್ಕ. ತ್ರೀನುವನ್ನು ನೋಡಿ ಇಬ್ಬರೂ ನಿಲ್ಲಿಸಿದೆವು. ಸಂತೆಯಲ್ಲಿ ಹಸುವಿನ ಬಾಯಿ ಬಿಡಿಸಿ ನೋಡುವ ಹಾಗೆ ನೋಡಿಸಿಕೊಂಡು, ಕೂದಲು ಕೆದರಿಕೊಂಡು, ಆ ಹುಡುಗಿ ನೆಲ ನೋಡುತ್ತಿದ್ದಳು.

"ಅವ್ವ, ಸಾಕು ಬಿಡ" ಎಂದ ಏವರ್ಟಿ. "ಅವರು ಹೇಳಿದ್ದು ನಾರಿನ ಮಾತು."

ತ್ರೀನು ತೋರಿಸಲೆಂದು ಮೂಲೆಯಲ್ಲಿಟ್ಟಿದ್ದ ತಕ್ಕಿನ ನೂಲುಂಡೆಯಿಂದ ನಾನು ಒಂದಿಷ್ಟು ಕಿತ್ತು ಸೆರಫೀನಾಳ ಕೈಯಲ್ಲಿಟ್ಟೆ. ಅವಳು ನಾಚಿಕೊಂಡಳು. ವಸ್ತ್ರವನ್ನು ತ್ರೀನುವಿನ ತಲೆಗೆ ತಾನೇ ಕಟ್ಟಿ, "ತಪ್ಪಾತವ್ವಾ, ಮನಸಿಗೆ ಹಚ್ಕೋಬ್ಯಾಡ" ಅಂದಳು. ಆಮೇಲೆ ಕೈಯಲ್ಲಿದ್ದುದನ್ನು ಕಿಟಕಿಯ ಬೆಳಕಿಗೆ ಹಿಡಿದು ಉಜ್ಜಿದಳು. ಪುಡಿ ಉದುರಿತು. ಅವಳ ಮುಖ ಮತ್ತೆ ಬದಲಾಯಿತು.

"ಇದು ನಿನ್ನ ಕೈದೇನು?"

ತ್ರೀನು ತಲೆ ಎತ್ತಲಿಲ್ಲ. "ಹೌದು."

"ಬ್ಯಾರೆ ಏನೂ ಇಲ್ಲ? ಇಷ್ಟ?"

"ಇಷ್ಟೇ. ನಂದೇ ತಪ್ಪು. ಇಬ್ಬನೀಲಿ ಜಾಸ್ತಿ ದಿನ ಬಿಟ್ಟೆ. ನನ್ನ ಕೈಗೆ ಬರ್ಲಿಲ್ಲ."

ಸೆರಫೀನಾ ಆ ನೂಲನ್ನು ಮೇಜಿನ ಮೇಲಿಟ್ಟಳು. ಕೆಟ್ಟವಳಲ್ಲ ಅವಳು. ಮೆತ್ತಗೇ ಹೇಳಿದಳು. "ನೋಡವ್ವಾ, ನಮ್ಮ ದ್ವೀಪದಾಗ ಹೊಲ ಇಲ್ಲ, ಬರೇ ಬಂಡಿಗಲ್ಲು. ನಾವು ಬಲಿ ಹೆಣಿಬೇಕು, ಹಾಯಿ ಹೊಲಿಬೇಕು. ನೂಲು ಹರಿದ್ರ ಸಮುದ್ರದಾಗ ಗಂಡಸರು ಸಾಯ್ತಾರ. ನನ್ನ ಹಿರಿಮಗ ಹಂಗ ಹೋದ. ಕೈ ಕೂಡದ ಸೊಸಿನ್ನ ನಾ ಒಯ್ಯೂದಿಲ್ಲ. ಏವರ್ಟಿ, ನಡಿ. ಗಾಳಿ ತಿರುಗೂದ್ರಾಗ ಹೊರಡೂಣು."

"ನಾನು ಹೇಳ್ಲಿಲ್ವಾ" ಎಂದು ಯೂಲಾ ತ್ರೀನುವಿನ ಬೆನ್ನು ಸವರಿದಳು. "ಇರ್ಲಿ ಬಿಡಿ, ಪಾಪದ ಹುಡುಗಿ, ನಮ್ಮನೇಲೇ ಇರ್ತಾಳೆ. ನಾನೇನು ಕೈಬಿಡಲ್ಲ."

ಆ ಬೆನ್ನು ಸವರಿದ ಕೈ ನೋಡಿ ನನಗೆ ತಲೆ ಕೆಟ್ಟುಹೋಯಿತು. ಮೂರು ವಾರ ಹೊಟ್ಟೆಯಲ್ಲಿಟ್ಟುಕೊಂಡದ್ದು ಬಾಯಿಗೆ ಬಂತು.

"ಕೈ ತೆಗಿಯೇ ಕಳ್ಳಿ" ಅಂದೆ. ಹದಿನಾಲ್ಕು ವರ್ಷ ಒಡತಮ್ಮ ಅಂದ ಬಾಯಿ. "ಆ ಹುಡುಗಿ ಮೇಲಿಂದ ಕೈ ತೆಗಿ. ನಿನ್ನ ಅಗಸೆ ಮಳೇಲಿ ಕೊಳೆತಿದ್ದು ಈ ಊರ ನಾಯಿಗೂ ಗೊತ್ತು. ನಿನ್ನ ಪೆಟ್ಟಿಗೆ ತೆಗೆದು ತೋರಿಸು, ಅದರೊಳಗೆ ಜಡೆಜಡೆ ನಾರು ಎಲ್ಲಿಂದ ಬಂತು ಅಂತ ಹೇಳು. ನಿನ್ನ ಕೊಳಕನ್ನ ಅವಳ ತಲೆಗೆ ಕಟ್ಟಿ, ಅವಳ ಬಂಗಾರದಂಥಾದ್ದನ್ನ ನುಂಗಿದ್ಯಲ್ಲ, ಗಂಟಲಲ್ಲಿ ಸಿಕ್ಕಲಿಲ್ವೇನೆ ನಿಂಗೆ?"

"ಮುದುಕಿಗೆ ಹುಚ್ಚು ಹಿಡಿದಿದೆ" ಎಂದಳು ಯೂಲಾ. ನಗು ಹಾಗೇ ಇತ್ತು, ಕೈ ಮಾತ್ರ ಸೊಂಟದ ಕೀಲಿಕೈ ಹುಡುಕುತ್ತಿತ್ತು. "ನನ್ನ ಪೆಟ್ಟಿಗೆ, ನನ್ನ ಮನೆ. ನಾನ್ಯಾಕೆ ತೆಗೀಲಿ?"

"ತೆಗೀರಿ" ಎಂದಳು ಸೆರಫೀನಾ. ಅಷ್ಟೇ. ಬಾಗಿಲ ಕಡೆ ಹೊರಟಿದ್ದವಳು ಬಂದು ಮತ್ತೆ ಬೆಂಚಿನ ಮೇಲೆ ಕೂತಳು. ಏವರ್ಟಿ ಬಾಗಿಲಿಗೆ ಅಡ್ಡ ನಿಂತ.

ಯೂಲಾ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಳು. ತ್ರೀನು ಮಾತ್ರ ಅವಳನ್ನು ನೋಡುತ್ತಿರಲಿಲ್ಲ, ಕೈ ಚಾಚಿ ನಿಂತಿದ್ದಳು. "ಕೀಲಿ ಕೊಡಿ" ಅಂದಳು. ಏಳು ವರ್ಷದಲ್ಲಿ ಆ ಹುಡುಗಿ ಆ ಮನೆಯಲ್ಲಿ ಏನನ್ನಾದರೂ ಕೊಡಿ ಎಂದು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಯೂಲಾ ಕೀಲಿಯನ್ನು ಕೈಗೆ ಕೊಡದೆ ನೆಲದ ಮೇಲೆ ಎಸೆದಳು. "ತಗೊಂಡು ಹಾಳಾಗಿ ಹೋಗು, ಉಂಡ ಮನೆಗೆ ಎರಡು ಬಗೆದೋಳೆ" ಅಂದಳು.

ತ್ರೀನು ಎರಡು ತೋಳು ತುಂಬ ಜಡೆಗಳನ್ನು ತಂದು ಮೇಜಿನ ಮೇಲೆ, ಹಂದಿಮಾಂಸದ ತಟ್ಟೆಯ ಪಕ್ಕದಲ್ಲಿ, ಹಾಕಿದಳು. ಮತ್ತೆ ಹೋಗಿ ಇನ್ನೊಂದು ಸಲ ತಂದಳು. ಸೆರಫೀನಾ ಒಂದನ್ನು ಬಿಚ್ಚಿ ಒಂದೇ ಒಂದು ಎಳೆ ತೆಗೆದು ಎರಡೂ ಕೈಗೆ ಸುತ್ತಿ ಎಳೆದಳು. ಎಳೆ ಹರಿಯಲಿಲ್ಲ, ಅವಳ ಬೆರಳಿಗೆ ಗೀರು ಬಿತ್ತು. ಅವಳು ಆ ಗೀರನ್ನು ನೋಡಿಕೊಂಡು, ಎದ್ದು ತ್ರೀನುವಿನ ಎರಡೂ ಕೈ ಹಿಡಿದಳು.

"ವಸಂತದ ತನಕ ಯಾಕ, ಇವತ್ತ ನಡಿ ನಮ್ಮ ಜೋಡಿ. ನಮ್ಮ ಊರ ಚರ್ಚಿನ್ಯಾಗ ಮದುವಿ ಮಾಡೂಣು. ಇಂಥಾ ಮನ್ಯಾಗ ಚಳಿಗಾಲ ಕಳಿಯೂದು ಬ್ಯಾಡ."

ನನಗೆ ಆಗ ಏನು ಖುಷಿಯಾಯಿತೋ, ಹೇಳಲಾರೆ. ನನ್ನ ಗುಡಿಸಲು ಹೋಯಿತೆಂದು ಗೊತ್ತಿತ್ತು. ಯೂಲಾ ಅದನ್ನು ಆಗಲೇ ಕೂಗಿ ಹೇಳುತ್ತಿದ್ದಳು, ನಾಳೆ ಬೆಳಗ್ಗೆ ನಿನ್ನ ಪಾತ್ರೆ ಪಡಗ ಹೊರಗೆ ಅಂತ. ಕೂಗಲಿ ಬಿಡು ಅಂದುಕೊಂಡೆ. ಮೂರು ವಾರದಲ್ಲಿ ಮೊದಲ ಸಲ ಎದೆ ಹಗುರಾಗಿತ್ತು. ಜಡೆಗಳನ್ನು ಚೀಲಕ್ಕೆ ತುಂಬಲು ತ್ರೀನುವಿಗೆ ಸಹಾಯ ಮಾಡಲು ಹೋದೆ.

ಅವಳು ಚೀಲವನ್ನು ತನ್ನ ಕಡೆ ಎಳೆದುಕೊಂಡಳು.

"ಇದನ್ನ ನೀನು ಯಾವತ್ತು ಬಾಚಿದೆ?"

"ನೀನು ಪಾದ್ರಿಗಳ ಮನೆಗೆ ಹೋಗಿದ್ಯಲ್ಲ, ಮೂರನೇ ದಿನ."

"ಅಂದ್ರೆ ನಾನು ವಾಪಸ್ಸು ಬಂದಾಗ ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಮಗಾ. ಚಾವಣಿ… ಅವಳು ನನ್ನ ಗುಡಿಸ್ಲಿಂದ—"

"ನಾನು ನೂಲುವಾಗ ನೀನು ಪಕ್ಕದಲ್ಲೇ ಕೂತಿದ್ದೆ. ನನ್ನ ತುಟಿಗೆ ಕೊಬ್ಬು ಹಚ್ಚಿದೆ. ನನ್ನ ಕೈಯೇ ಕೆಟ್ಟಿದೆಯಾ ಅಂತ ನಾನು ದಿನಾ ಕೇಳ್ತಿದ್ದೆ. ದಿನಾ."

"ಇವತ್ತು ಹೇಳಿದ್ನಲ್ಲ, ಎಲ್ಲರ ಮುಂದೆ ಹೇಳಿದ್ನಲ್ಲ. ಮನೆ ಕಳ್ಕೊಂಡು ಹೇಳಿದೀನಿ."

"ನಾನು ಎಲ್ಲರ ಮುಂದೆ ನಂದೇ ತಪ್ಪು ಅಂದ ಮೇಲೆ ನೀನು ಹೇಳಿದೆ."

ಅವಳ ದನಿ ಏರಿರಲಿಲ್ಲ. ಏರಿದ್ದರೆ ನಾನೂ ಕೂಗಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಸೆರಫೀನಾ, ಏವರ್ಟಿ ಹೊರಗೆ ಹೋಗಿದ್ದರು. ಯೂಲಾ ಕೂಡ ಕೂಗುವುದನ್ನು ನಿಲ್ಲಿಸಿ ಕೇಳುತ್ತಿದ್ದಳು, ಆ ಮುಂಡೆಗೆ ಅಷ್ಟಾದರೂ ಸುಖ ಸಿಕ್ಕಿತು.

"ಅವಳು ಕದೀತಾಳೆ ಅಂತ ನಂಗೆ ಮೊದಲಿಂದ ಗೊತ್ತು" ಎಂದಳು ತ್ರೀನು, ಚೀಲದ ಬಾಯಿ ಕಟ್ಟುತ್ತ. "ಅದಕ್ಕೇ ನಿನ್ನ ಕೈಗೆ ಬಿಟ್ಟು ಹೋಗಿದ್ದು. ದಡಕ್ಕೆ ಬರಬೇಡ, ವೀಯು."

ಚಿಕ್ಕಿ ಅನ್ನಲಿಲ್ಲ. ಚೀಲ ಹೆಗಲಿಗೇರಿಸಿ ಹೋದಳು.

ದಡಕ್ಕೆ ಹೋಗಲಿಲ್ಲ. ಗುಡಿಸಲಿನ ಹೊಸ ಚಾವಣಿಯ ಕೆಳಗೆ ಕೂತು ಯೂಲಾಳನ್ನು ಬೈದೆ, ಕತ್ತಲಾಗುವವರೆಗೆ ಬೈದೆ. ಈಗಲೂ ಬೈಯುತ್ತೇನೆ, ಇಲ್ಲಿ ಲೋಕ್ಸಾ ಎಂಬ ಊರಿನ ಹತ್ತಿರ ಇನ್ನೊಬ್ಬರ ಮನೆಯ ಹಿಂದಿನ ಕೋಣೆಯಲ್ಲಿ ಕೂತು. ಆಚೆ ದಡದ ದೋಣಿಯವರು ಬಂದಾಗ ತ್ರೀನುವಿಗೆ ಎರಡನೆಯ ಮಗು ಹುಟ್ಟಿತಂತೆ, ಅವಳು ನೂತ ನೂಲಿನ ಬಲೆ ಹರಿಯುವುದೇ ಇಲ್ಲವಂತೆ ಎಂದು ಹೇಳುತ್ತಾರೆ. ನನ್ನ ವಿಷಯ ಕೇಳಿದಳಾ ಎಂದು ನಾನು ವಿಚಾರ ಮಾಡುವುದಿಲ್ಲ. ಯೂಲಾಳನ್ನು ಬೈಯುವುದು ಸುಲಭ, ಅವಳು ಮಾಡಿದ್ದು ಅಷ್ಟು ಕೆಟ್ಟದ್ದು. ಆದರೆ ಆ ಹುಡುಗಿ ನನಗೆ ಹೇಳಿದ್ದರಲ್ಲಿ ಒಂದು ಮಾತಾದರೂ ತಪ್ಪಿದ್ದರೆ ಹಿಡಿದುಕೊಂಡು ಜಗಳವಾಡುತ್ತಿದ್ದೆ. ಒಂದೂ ಸಿಗಲಿಲ್ಲ.